ಕ್ಲೇಟನ್ನಿನ ಚೀನೀ ಮಕ್ಕಳು

ಕುಮಟೆಯಿಂದ ಫೋನ್ ಮಾಡುವ ನೆಂಟರು ಮಳೆ, ತೋಟ, ಮದುವೆಗಳ ಸುದ್ದಿ ಮುಗಿದ ಮೇಲೆ ಒಂದು ಮಾತನ್ನು ತಪ್ಪದೆ ಕೇಳುತ್ತಾರೆ: "ಅಲ್ಲಿ ಎಲ್ಲೆಲ್ಲೂ ಚೀನಾದವರೇ ಅಂತೆ, ನಿಜವೇ? ಅವರು ಯಾರ ಜೊತೆಗೂ ಬೆರೆಯುವುದಿಲ್ಲವಂತಲ್ಲ?" ಮೊದಲನೆಯದಕ್ಕೆ ಉತ್ತರ ಸುಲಭ. ಆಸ್ಟ್ರೇಲಿಯಾಕ್ಕೆ ಓದಲು ಬರುವ ಹೊರದೇಶದವರಲ್ಲಿ ಚೀನಾದವರು ಮೊದಲು, ಭಾರತದವರು ಎರಡನೆಯವರು. ನಾನಿರುವುದು ಮೆಲ್ಬರ್ನಿನ ಕ್ಲೇಟನ್ ಬಡಾವಣೆ. ಮೊನಾಶ್ ವಿಶ್ವವಿದ್ಯಾಲಯದ ದೊಡ್ಡ ಆವರಣ ಇಲ್ಲೇ ಇದೆ. ಬಸ್ಸಿಗೆ ಕಾಯುವಾಗ ಮ್ಯಾಂಡರಿನ್, ಹಿಂದಿ, ತೆಲುಗು, ಸಿಂಹಳ ಎಲ್ಲವೂ ಕಿವಿಗೆ ಬೀಳುತ್ತವೆ, ಆಗೊಮ್ಮೆ ಈಗೊಮ್ಮೆ ಕನ್ನಡವೂ.

ಎರಡನೆಯ ಪ್ರಶ್ನೆಯನ್ನು ಮಾತ್ರ ಫೋನಿನಲ್ಲಿ ಎರಡು ಮಾತಿಗೆ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಪಿಎಚ್.ಡಿ. ಮಾಡುವಾಗ ನಾನು ವರ್ಷಗಟ್ಟಲೆ ಚೀನೀ ವಿದ್ಯಾರ್ಥಿಗಳ ಜೊತೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದೆ. ಈಗ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಟ್ಯುಟೋರಿಯಲ್ ತರಗತಿ ನಡೆಸುತ್ತೇನೆ. ಈ ಮಕ್ಕಳನ್ನು ಅಡುಗೆಮನೆಯಲ್ಲೂ ನೋಡಿದ್ದೇನೆ, ತರಗತಿಯಲ್ಲೂ ನೋಡಿದ್ದೇನೆ. ಎರಡು ಕಡೆಯೂ ಕಂಡವರು ಬೇರೆ ಬೇರೆ ಮನುಷ್ಯರೇನೋ ಅನ್ನಿಸುವಷ್ಟು ಅಂತರ.

ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಮೌನ. ಇಲ್ಲಿನ ಹಲವು ಅಧ್ಯಾಪಕರು ಇದನ್ನು ನಿರಾಸಕ್ತಿ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ತರಗತಿ ಮುಗಿದ ಮೇಲೆ ನನ್ನ ಮೇಜಿನ ಮುಂದೆ ಸಾಲು ನಿಲ್ಲುವವರು ಅವರೇ, ಅದೂ ತಿದ್ದಿ ತೀಡಿ ಬರೆದುಕೊಂಡ ಪ್ರಶ್ನೆಗಳೊಂದಿಗೆ. ಹೆನಾನ್ ಪ್ರಾಂತ್ಯದ ಒಬ್ಬ ಹುಡುಗ ನಮ್ಮ ಮನೆಯಲ್ಲಿದ್ದ. ತನ್ನ ತರಗತಿಯಲ್ಲಿ ಬಾಯಿ ಬಿಡದ ಅವನು ರಾತ್ರಿ ಒಲೆಯ ಮುಂದೆ ನಿಂತು ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರದ ವಿಧಾನದ ಬಗ್ಗೆ ನನ್ನೊಡನೆ ಗಂಟೆಗಟ್ಟಲೆ ವಾದಿಸುತ್ತಿದ್ದ. ಅಲ್ಲೇಕೆ ಸುಮ್ಮನಿರುತ್ತೀಯ ಎಂದಾಗ ಅವನು ಹೇಳಿದ್ದು ಇಷ್ಟು: ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿಯಿದೆಯೇ ಎಂದು ನೋಡಿ ಬಾಯಿ ತೆರೆಯುವಷ್ಟರಲ್ಲಿ ಚರ್ಚೆ ಮುಂದಕ್ಕೆ ಹೋಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಹೋದವರಿಗೆ ಈ ಸಂಕಟವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗುಂಪಿನ ವಿಷಯ. ಇಲ್ಲಿ ಹೆಚ್ಚಿನ ಪಠ್ಯಗಳಲ್ಲಿ ನಾಲ್ಕೈದು ಜನ ಸೇರಿ ಮಾಡುವ ಕೆಲಸವೊಂದು ಇರುತ್ತದೆ. ಗುಂಪು ಮಾಡಿಕೊಳ್ಳಿ ಎಂದ ಕೂಡಲೇ ಸ್ಥಳೀಯರು ಸ್ಥಳೀಯರ ಕಡೆ ತಿರುಗುತ್ತಾರೆ, ಭಾರತೀಯರು ಭಾರತೀಯರ ಕಡೆ. ಉಳಿದ ಚೀನೀ ಮಕ್ಕಳು ಒಂದಾಗುತ್ತಾರೆ. ಆಮೇಲೆ "ಅವರು ತಮ್ಮವರ ಜೊತೆಗೇ ಇರುತ್ತಾರೆ" ಎಂಬ ದೂರು. ಇದನ್ನು ಎಷ್ಟೋ ಸೆಮಿಸ್ಟರುಗಳಿಂದ ನೋಡಿ ನೋಡಿ ನನಗೆ ಸಿಟ್ಟು ಬಂದಿದೆ. ಈಗ ನನ್ನ ತರಗತಿಯಲ್ಲಿ ಗುಂಪುಗಳನ್ನು ನಾನೇ ಮಾಡುತ್ತೇನೆ.

ಹೆನಾನ್ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಈ ಮಕ್ಕಳು ಇಲ್ಲಿಗೆ ಏಕೆ ಬರುತ್ತಾರೆ ಎಂಬುದು ಅಲ್ಲಿಂದ ಅರ್ಥವಾಗುತ್ತದೆ. ಸುಮಾರು ಹತ್ತು ಕೋಟಿ ಜನರ ಪ್ರಾಂತ್ಯ ಅದು. ಪ್ರತಿ ವರ್ಷ ಜೂನ್ 7ರಿಂದ ನಡೆಯುವ ಗಾವ್‌ಕಾವ್ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ 2024ರಲ್ಲಿ ಇಡೀ ಚೀನಾದಲ್ಲಿ 1.34 ಕೋಟಿ ಮಕ್ಕಳು ಹೆಸರು ಕೊಟ್ಟಿದ್ದರು. ಅವರಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಹೆನಾನ್ ಒಂದರವರೇ. ಸರ್ಕಾರ ತೊಂಬತ್ತರ ದಶಕದಲ್ಲಿ "211" ಎಂಬ ಯೋಜನೆಯಡಿ ದೇಶದ ಉತ್ತಮ ವಿಶ್ವವಿದ್ಯಾಲಯಗಳನ್ನು ಆರಿಸಿತ್ತು. ಆ ಪಟ್ಟಿಯಲ್ಲಿ ಹೆನಾನಿನಿಂದ ಇದ್ದದ್ದು ಒಂದೇ, ಝೆಂಗ್‌ಝೌ ವಿಶ್ವವಿದ್ಯಾಲಯ. ಬೀಜಿಂಗಿನ ಹೆಸರಾಂತ ವಿಶ್ವವಿದ್ಯಾಲಯಗಳು ಪ್ರಾಂತ್ಯವಾರು ಸೀಟು ಹಂಚುವಾಗ ಬೀಜಿಂಗಿನ ಮಕ್ಕಳಿಗೆ ಸಿಗುವ ಪಾಲು ಹೆನಾನಿನವರಿಗೆ ಸಿಗುವುದಿಲ್ಲ. ನಮ್ಮ ಪಿಯುಸಿ, ಸಿಇಟಿ, ನೀಟ್ ಎಲ್ಲವನ್ನೂ ಕೆಲವೇ ದಿನಕ್ಕೆ ಒತ್ತಿ ತುಂಬಿದರೆ ಹೇಗೋ ಹಾಗಿರುತ್ತದೆ ಗಾವ್‌ಕಾವ್ ಎಂದು ನಾನು ಊರಿನವರಿಗೆ ವಿವರಿಸುತ್ತೇನೆ.

ಪದವಿ ಮುಗಿಸಿದ ಮೇಲೂ ಬಿಡುಗಡೆಯಿಲ್ಲ. 2023ರ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ 47.4 ಲಕ್ಷ ಮಂದಿ ನೋಂದಾಯಿಸಿಕೊಂಡಿದ್ದರು. ಅದೇ ವರ್ಷ ಜೂನ್‌ನಲ್ಲಿ 16ರಿಂದ 24ರ ವಯಸ್ಸಿನವರ ನಿರುದ್ಯೋಗ ಶೇ. 21.3ಕ್ಕೆ ಮುಟ್ಟಿತು. ಮುಂದೆ ಕೆಲವು ತಿಂಗಳು ಸರ್ಕಾರ ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತ್ತು. ಹೀಗಿರುವಾಗ ತಂದೆತಾಯಿ ಹೊರದೇಶದತ್ತ ನೋಡುತ್ತಾರೆ. ಇಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಾಣಿಜ್ಯದ ಸ್ನಾತಕೋತ್ತರ ಪದವಿಗೆ ವರ್ಷದ ಶುಲ್ಕ 50 ಸಾವಿರ ಆಸ್ಟ್ರೇಲಿಯನ್ ಡಾಲರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಲಕ್ಷ ರೂಪಾಯಿ ಮೀರುತ್ತದೆ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಬ್ಯಾಂಕ್ ಸಾಲದ ಮೇಲೆ ಬಂದು ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ದುಡಿಯುತ್ತಾರೆ. ಚೀನೀ ಮಕ್ಕಳ ಮನೆಗಳಲ್ಲಿ ಸಾಮಾನ್ಯವಾಗಿ ಖರ್ಚಾಗುವುದು ಹೆತ್ತವರ ಉಳಿತಾಯ. ಅದನ್ನು ನೋಡಿ ನಾವು "ಶ್ರೀಮಂತರ ಮಕ್ಕಳು" ಎನ್ನುತ್ತೇವೆ. ಶ್ರೀಮಂತರೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ ನಮ್ಮ ಮನೆಯ ಹುಡುಗನ ತಂದೆ ಶಾಲಾ ಶಿಕ್ಷಕರು, ತಾಯಿ ಆಸ್ಪತ್ರೆಯಲ್ಲಿ ನರ್ಸ್. ಅವನ ಓದಿಗೆಂದು ತೆಗೆದಿಟ್ಟಿದ್ದ ಎರಡನೆಯ ಫ್ಲ್ಯಾಟನ್ನು ಮಾರುವ ಹೊತ್ತಿಗೆ ಚೀನಾದ ವಸತಿ ಮಾರುಕಟ್ಟೆ ಕುಸಿದಿತ್ತು. ಅವನು ಒಬ್ಬನೇ ಮಗ. ಒಂದೇ ಮಗುವಿನ ನಿಯಮ 2016ರ ಆರಂಭದವರೆಗೆ ಇದ್ದುದರಿಂದ ಈ ಪೀಳಿಗೆಯ ಬಹಳ ಮಂದಿ ಹಾಗೆಯೇ. ಇಬ್ಬರು ಹೆತ್ತವರು, ನಾಲ್ವರು ಅಜ್ಜ ಅಜ್ಜಿಯರು, ಇವರೆಲ್ಲರ ನಿರೀಕ್ಷೆ ಒಂದೇ ಹೆಗಲ ಮೇಲೆ. ಒಂದು ವಿಷಯದಲ್ಲಿ ಫೇಲಾದಾಗ ಅವನು ಮನೆಗೆ ತಿಳಿಸಲಿಲ್ಲ. ವೀಚ್ಯಾಟ್ ವಿಡಿಯೊದಲ್ಲಿ ತಾಯಿಯೊಡನೆ ನಗುತ್ತಾ ಮಾತನಾಡಿ, ಫೋನ್ ಇಟ್ಟು, ಆ ರಾತ್ರಿ ಊಟ ಮಾಡದೆ ಮಲಗಿದ.

ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದ ಹುಡುಗಿಯೊಬ್ಬಳು ಮೇಲಿನ ಕೋಣೆಯಲ್ಲಿದ್ದಳು. ಅವಳ ಡಬ್ಬಿಯಲ್ಲಿದ್ದ ಸಿಚುವಾನ್ ಮೆಣಸನ್ನು ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯಿತು, ಇದು ನಮ್ಮ ಜುಮ್ಮನಕಾಯಿಯ ಬಳಗ! ಕರಾವಳಿಯಲ್ಲಿ ಬಂಗಡೆ ಸಾರಿಗೆ ಹಾಕುವ, ಕೊಂಕಣಿಗರು ತೆಪ್ಪಲ್ ಎನ್ನುವ ಅದೇ ಕಾಯಿ. ನಾಲಿಗೆ ಜುಮ್ಮೆನ್ನುವ ಆ ಅನುಭವವನ್ನು ಬೇರೆ ಯಾರಿಗೂ ವಿವರಿಸಲು ಆಗುತ್ತಿರಲಿಲ್ಲ, ಅವಳಿಗೆ ವಿವರಿಸುವ ಅಗತ್ಯವೇ ಇರಲಿಲ್ಲ. ಮುಂದಿನ ಸಲ ಅಮ್ಮ ಕಳಿಸಿದ ಪೊಟ್ಟಣದಲ್ಲಿ ಅವಳ ಪಾಲೂ ಬಂತು.

ಹಬ್ಬಗಳ ವಿಷಯದಲ್ಲಿ ಅವರ ಪಾಡೂ ನಮ್ಮ ಪಾಡೂ ಒಂದೇ. ಉತ್ತರ ಚೀನಾದಲ್ಲಿ ಡಿಸೆಂಬರ್ 21 ಅಥವಾ 22ರಂದು, ವರ್ಷದ ಅತಿ ದೀರ್ಘ ರಾತ್ರಿ, ಹೂರಣ ತುಂಬಿದ ಕಡುಬಿನಂಥ ಬಿಸಿ ಬಿಸಿ ಡಂಪ್ಲಿಂಗ್ ತಿನ್ನುತ್ತಾರೆ. ತಿನ್ನದಿದ್ದರೆ ಚಳಿಗೆ ಕಿವಿ ಉದುರುತ್ತದೆ ಎಂದು ಮಕ್ಕಳಿಗೆ ಹೇಳುತ್ತಾರಂತೆ. ಮೆಲ್ಬರ್ನಿನಲ್ಲಿ ಅದು ಕಡು ಬೇಸಿಗೆ. ಕಿಟಕಿಗಳನ್ನೆಲ್ಲ ತೆರೆದು, ಬೆವರು ಒರೆಸಿಕೊಳ್ಳುತ್ತಾ ಹಿಟ್ಟು ಲಟ್ಟಿಸಿದೆವು. ಅವರು ಹಂದಿಮಾಂಸದ ಹೂರಣ ತುಂಬಿದರೆ, ನನಗೆಂದು ಎಲೆಕೋಸು, ಮೊಟ್ಟೆಯದು ಬೇರೆ ಪಾತ್ರೆಯಲ್ಲಿ ಬೇಯುತ್ತಿತ್ತು. ನಾವು ಇಲ್ಲಿ ದೀಪಾವಳಿಗೆ ಹಣತೆ ಹಚ್ಚಲು ಸಂಜೆ ಎಂಟರವರೆಗೆ ಸೂರ್ಯ ಮುಳುಗಲೆಂದು ಕಾಯುತ್ತೇವಲ್ಲ, ಹಾಗೆಯೇ ಇದೂ.

2020ರ ಫೆಬ್ರುವರಿ 1ರಂದು ಆಸ್ಟ್ರೇಲಿಯಾ ಚೀನಾದಿಂದ ಬರುವವರಿಗೆ ಕೋವಿಡ್ ಭಯದಿಂದ ಬಾಗಿಲು ಮುಚ್ಚಿದಾಗ ಚೀನೀ ಹೊಸ ವರ್ಷಕ್ಕೆ ಮನೆಗೆ ಹೋಗಿದ್ದ ಸಾವಿರಾರು ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಬಿದ್ದರು. ಕೆಲವರು ಥಾಯ್ಲೆಂಡ್‌ನಂಥ ಮೂರನೆಯ ದೇಶದಲ್ಲಿ ಹದಿನಾಲ್ಕು ದಿನ ಕಳೆದು ಬಂದರು. ಮಾರ್ಚಿನಲ್ಲಿ ಆ ದಾರಿಯೂ ಮುಚ್ಚಿತು, ವಿದ್ಯಾರ್ಥಿಗಳಿಗೆ ಗಡಿ ಮತ್ತೆ ತೆರೆದದ್ದು 2021ರ ಡಿಸೆಂಬರ್‌ನಲ್ಲಿ. ಇಲ್ಲಿ ಉಳಿದವರಿಗೆ ಸಿಕ್ಕಿದ್ದೇನು? ತಮ್ಮ ಖರ್ಚು ನೋಡಿಕೊಳ್ಳಲಾಗದ ವಿದೇಶಿ ವಿದ್ಯಾರ್ಥಿಗಳು ಊರಿಗೆ ಹೋಗುವ ಹೊತ್ತಾಯಿತು ಎಂಬರ್ಥದ ಮಾತನ್ನು ಅಂದಿನ ಪ್ರಧಾನಿ ಸ್ಕಾಟ್ ಮಾರಿಸನ್ 2020ರ ಏಪ್ರಿಲ್‌ನಲ್ಲಿ ಆಡಿದರು. ಆ ಮಾತು ನಮಗೂ ಅವರಿಗೂ ಒಂದೇ ದಿನ ತಾಗಿತು. ಚೀನೀ ಮಕ್ಕಳಿಗೆ ಅದರ ಮೇಲೆ ಇನ್ನೊಂದಿತ್ತು: ಮಾಸ್ಕ್ ಹಾಕಿದ್ದಕ್ಕೆ ರೈಲಿನಲ್ಲಿ ಬೈಗುಳ. ಚೆಂಗ್ಡುವಿನ ಹುಡುಗಿ ಕೆಲವು ವಾರ ಒಬ್ಬಳೇ ಹೊರಗೆ ಹೋಗಲಿಲ್ಲ, ಸಾಮಾನು ತರಲು ನಾವು ಜೊತೆಯಾಗಿ ಹೋಗುತ್ತಿದ್ದೆವು. ಇದೇ ಊರಿನಲ್ಲಿ 2009ರಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ನಮ್ಮವರು ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಎದುರಿನ ರಸ್ತೆಯಲ್ಲಿ ಕುಳಿತು ಪ್ರತಿಭಟಿಸಿದ್ದನ್ನು ಊರಿನವರು ಟಿ.ವಿ.ಯಲ್ಲಿ ನೋಡಿ ಗಾಬರಿಯಾಗಿದ್ದು ನಿಮಗೆ ನೆನಪಿರಬಹುದು. ಅದೇ ಭಯ ಈ ಸಲ ಅವರದಾಗಿತ್ತು. ಚೀನಾದ ಕಡೆಯ ಬಾಗಿಲು ಮುಚ್ಚಿದ ನೋವನ್ನು ನಮ್ಮವರೂ ಉಂಡಿದ್ದಾರೆ. ಅಲ್ಲಿ ಓದುತ್ತಿದ್ದ ಸುಮಾರು 23,000 ಭಾರತೀಯರು, ಹೆಚ್ಚಿನವರು ವೈದ್ಯಕೀಯದವರು, ಕರ್ನಾಟಕದವರೂ ಅವರಲ್ಲಿದ್ದರು, 2022ರವರೆಗೆ ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ಡಾಕ್ಟರಿಕೆ ಕಲಿಯಬೇಕಾಯಿತು.

ಊರಿನ ಪತ್ರಿಕೆಗಳಲ್ಲಿ ಈಗ "ಡಿಜಿಟಲ್ ಅರೆಸ್ಟ್" ಸುದ್ದಿ ಓದುವಾಗಲೆಲ್ಲ ನನಗೆ ಈ ಮಕ್ಕಳು ನೆನಪಾಗುತ್ತಾರೆ, ಏಕೆಂದರೆ ಇದೇ ಬಗೆಯ ವಂಚನೆಗೆ ಅವರು ವರ್ಷಗಳ ಹಿಂದೆಯೇ ಬಲಿಯಾಗಿದ್ದರು. ಮ್ಯಾಂಡರಿನ್‌ನಲ್ಲಿ ಒಂದು ಕರೆ. ರಾಯಭಾರ ಕಚೇರಿಯಿಂದಲೋ ಕೊರಿಯರ್ ಕಂಪನಿಯಿಂದಲೋ ಎನ್ನುತ್ತಾರೆ. ನಿನ್ನ ಹೆಸರಿನ ಪೊಟ್ಟಣದಲ್ಲಿ ಅಕ್ರಮ ವಸ್ತು ಸಿಕ್ಕಿದೆ ಎಂದು ಹೆದರಿಸಿ, ಕರೆಯನ್ನು ಚೀನಾದ "ಪೊಲೀಸರಿಗೆ" ವರ್ಗಾಯಿಸುತ್ತಾರೆ. ಯಾರಿಗೂ ಹೇಳಬೇಡ, ಹೋಟೆಲಿನಲ್ಲಿ ಕೋಣೆ ಮಾಡು, ಕೈಕಾಲು ಕಟ್ಟಿಕೊಂಡ ಹಾಗೆ ಫೋಟೊ ತೆಗೆದು ಕಳಿಸು ಎನ್ನುತ್ತಾರೆ. ಆ ಫೋಟೊ ತಂದೆತಾಯಿಗೆ ಹೋಗುತ್ತದೆ, ಮಗುವಿನ ಅಪಹರಣವಾಗಿದೆ ಎಂದು. 2020ರಲ್ಲಿ ನ್ಯೂ ಸೌತ್ ವೇಲ್ಸ್ ಪೊಲೀಸರು ಇಂಥ ಎಂಟು ಪ್ರಕರಣಗಳಲ್ಲಿ 32 ಲಕ್ಷ ಡಾಲರ್ ಕಳೆದುಹೋಗಿದೆ ಎಂದು ಎಚ್ಚರಿಸಿದ್ದರು. ಇಷ್ಟು ಓದಿದವರು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ಚಿಕ್ಕಂದಿನಿಂದ ಅಧಿಕಾರಿಯ ಮಾತಿಗೆ ಎದುರಾಡದೆ ಬೆಳೆದು, ಪರದೇಶದಲ್ಲಿ ಒಂಟಿಯಾಗಿದ್ದು, ವೀಸಾ ಹೋದರೆ ಹೆತ್ತವರ ದುಡ್ಡೆಲ್ಲ ಹೋಯಿತು ಎಂಬ ಭಯದಲ್ಲೇ ದಿನ ಕಳೆಯುವ ಹತ್ತೊಂಬತ್ತರ ಮಗು ನಂಬುತ್ತದೆ. ನಮ್ಮಲ್ಲಿ ನಿವೃತ್ತ ಅಧಿಕಾರಿಗಳೇ ನಂಬಿಲ್ಲವೇ?

ಅಧಿಕಾರದ ಭಯಕ್ಕೆ ಇನ್ನೊಂದು ಮುಖವಿದೆ. 2022ರ ನವೆಂಬರ್ 24ರಂದು ಚೀನಾದ ಉರುಮ್ಚಿ ನಗರದ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ ಹತ್ತು ಮಂದಿ ಸತ್ತಾಗ, ಕೋವಿಡ್ ನಿರ್ಬಂಧಗಳಿಂದಾಗಿ ಜನ ಹೊರಬರಲಾಗಲಿಲ್ಲ ಎಂಬ ಆಕ್ರೋಶ ಹಬ್ಬಿ, ಹೊರದೇಶಗಳಲ್ಲಿದ್ದ ಚೀನೀ ವಿದ್ಯಾರ್ಥಿಗಳೂ ಆಡಲು ಬಿಡದ ಮಾತಿನ ಗುರುತಾಗಿ ಖಾಲಿ ಬಿಳಿ ಹಾಳೆ ಹಿಡಿದು ನಿಂತರು. ಮನೆಯ ಹುಡುಗಿ ಮಾಸ್ಕ್, ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಹೋಗಿ ಮೇಣದಬತ್ತಿ ಹಚ್ಚಿ ಬಂದಳು. ಅವಳ ಹೆದರಿಕೆ ಇದ್ದದ್ದು ಇಲ್ಲಿನ ಪೊಲೀಸರದ್ದಲ್ಲ, ಯಾರಾದರೂ ಫೋಟೊ ತೆಗೆದು ಅದು ಚೆಂಗ್ಡುವಿನಲ್ಲಿರುವ ತಂದೆತಾಯಿಗೆ ತೊಂದರೆ ತಂದೀತು ಎಂಬುದು. ಹೆನಾನಿನ ಹುಡುಗ ಹೋಗಲಿಲ್ಲ. ನಮ್ಮ ದೇಶದ ಮಾತನ್ನು ಪರರ ಮುಂದೆ ಏಕೆ ಆಡಬೇಕು ಎಂಬುದು ಅವನ ನಿಲುವು. ಇಬ್ಬರಿಗೂ ಅಂದು ಜೋರು ಜಗಳವಾಯಿತು. ಚೀನೀ ವಿದ್ಯಾರ್ಥಿಗಳೆಲ್ಲ ಒಂದೇ ರೀತಿ ಯೋಚಿಸುತ್ತಾರೆ ಎನ್ನುವವರು ಆ ಜಗಳ ಕೇಳಬೇಕಿತ್ತು.

ಈ ಅನುಮಾನದ ಬದುಕು ಹೊಸದಲ್ಲ. 1872ರಿಂದ ಚೀನಾದ ಚಿಂಗ್ ಅರಸೊತ್ತಿಗೆ 120 ಹುಡುಗರನ್ನು ಅಮೆರಿಕದ ಕನೆಕ್ಟಿಕಟ್ ರಾಜ್ಯಕ್ಕೆ ಓದಲು ಕಳಿಸಿತು. ಈ ಯೋಜನೆಯ ಹಿಂದಿದ್ದವರು 1854ರಲ್ಲಿ ಯೇಲ್‌ನಿಂದ ಪದವಿ ಪಡೆದ ಯುಂಗ್ ವಿಂಗ್. ಹುಡುಗರು ಬೇಸ್‌ಬಾಲ್ ಆಡಿದರು, ಕೆಲವರು ಅರಸೊತ್ತಿಗೆಗೆ ನಿಷ್ಠೆಯ ಗುರುತಾಗಿದ್ದ ಜಡೆ ಕತ್ತರಿಸಿದರು, ಚರ್ಚಿಗೆ ಹೋದರು. ಇವರು ಅಮೆರಿಕನ್ನರಾಗಿಬಿಟ್ಟರು ಎಂದು ಅಧಿಕಾರಿಗಳು ದೂರು ಬರೆದರು. ಅತ್ತ ಅಮೆರಿಕದ ಸೇನಾ ಅಕಾಡೆಮಿಗಳು ಇವರಿಗೆ ಪ್ರವೇಶ ಕೊಡಲಿಲ್ಲ. 1881ರಲ್ಲಿ ಎಲ್ಲರನ್ನೂ ವಾಪಸು ಕರೆಸಿಕೊಂಡರು, ಹೆಚ್ಚಿನವರ ಓದು ಅರ್ಧಕ್ಕೇ ನಿಂತಿತು. ಪದವಿ ಮುಗಿಸಿ ಮರಳಿದ ಕೆಲವೇ ಮಂದಿಯಲ್ಲಿ ಒಬ್ಬರು ಝಾನ್ ಟಿಯನ್‌ಯೋ. 1909ರಲ್ಲಿ ಬೀಜಿಂಗ್‌ನಿಂದ ಝಾಂಗ್‌ಜಿಯಾಕೌವರೆಗೆ ಬೆಟ್ಟಗಳ ನಡುವೆ ರೈಲುಮಾರ್ಗವನ್ನು ವಿದೇಶಿ ಎಂಜಿನಿಯರುಗಳ ನೆರವಿಲ್ಲದೆ ಮುಗಿಸಿದವರು ಇವರೇ.

ಈಗಿನದನ್ನು ನೋಡಿ. 2025ರ ಏಪ್ರಿಲ್‌ನಲ್ಲಿ ಗ್ರೀ ಎಂಬ ದೊಡ್ಡ ಹವಾನಿಯಂತ್ರಕ ಕಂಪನಿಯ ಅಧ್ಯಕ್ಷೆ ಡೊಂಗ್ ಮಿಂಗ್‌ಝು, ಹೊರದೇಶದಲ್ಲಿ ಓದಿ ಬಂದವರನ್ನು ತಾವು ಎಂದೂ ನೇಮಿಸಿಕೊಳ್ಳುವುದಿಲ್ಲ, ಅವರಲ್ಲಿ ಗೂಢಚಾರರಿರಬಹುದು ಎಂದರು. ಮರುತಿಂಗಳೇ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ ಚೀನೀ ವಿದ್ಯಾರ್ಥಿಗಳ ವೀಸಾಗಳನ್ನು ಬಿರುಸಿನಿಂದ ರದ್ದುಪಡಿಸುವುದಾಗಿ ಘೋಷಿಸಿದರು. ಅಲ್ಲಿಯವರಿಗೆ ಇವರು ಇಲ್ಲಿನ ಬೇಹುಗಾರರು, ಇಲ್ಲಿಯವರಿಗೆ ಅಲ್ಲಿನ ಬೇಹುಗಾರರು. ಇಪ್ಪತ್ತೆರಡರ ಒಂದು ಹುಡುಗಿ ಇದನ್ನೆಲ್ಲ ಫೋನಿನಲ್ಲಿ ಓದಿ, ಮರುದಿನ ಬೆಳಿಗ್ಗೆ ಎಂಟಕ್ಕೆ ನನ್ನ ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರೆ, ಅವಳ ಮೌನವನ್ನು ನಾನು ಜಂಬ ಎಂದು ಕರೆಯಲಾರೆ.

ಹೆನಾನಿನ ಹುಡುಗ ಪದವಿ ಮುಗಿಸಿ ಝೆಂಗ್‌ಝೌಗೆ ಮರಳಿದ್ದಾನೆ. ಸ್ಥಳೀಯ ಬ್ಯಾಂಕೊಂದರಲ್ಲಿ ಕೆಲಸ. ಸಂಬಳ ಅವನು ಅಂದುಕೊಂಡದ್ದಕ್ಕಿಂತ ಕಡಿಮೆ, ಆದರೆ ತಂದೆತಾಯಿಗೆ ಹತ್ತಿರವಿದ್ದಾನೆ. ಚೆಂಗ್ಡುವಿನವಳು ಇಲ್ಲೇ ಉಳಿದು ವೃದ್ಧಾಶ್ರಮವೊಂದರಲ್ಲಿ ನರ್ಸ್ ಆಗಿದ್ದಾಳೆ.

ಮುಂದಿನ ಸೆಮಿಸ್ಟರಿಗೆ ಮಕ್ಕಳನ್ನು ಇತ್ತ ಕಳಿಸುತ್ತಿರುವವರು "ನಮ್ಮವರ ಮನೆಯಲ್ಲೇ ಕೋಣೆ ಹುಡುಕಿಕೊಡಿ" ಎಂದು ನನಗೆ ಬರೆಯುತ್ತಾರೆ. ಸಿಕ್ಕರೆ ಖಂಡಿತ ಹೇಳುತ್ತೇನೆ. ಆದರೆ ಚೀನೀ ವಿದ್ಯಾರ್ಥಿಗಳಿರುವ ಮನೆಯಲ್ಲಿ ಕೋಣೆ ಸಿಕ್ಕರೆ ಬೇಡವೆನ್ನಬೇಡಿ. ಸಸ್ಯಾಹಾರಿಯಾದರೆ ಬಾಣಲೆ, ಚಾಕು, ಕತ್ತರಿಸುವ ಹಲಗೆ ಬೇರೆ ಬೇಕೆಂದು ಮೊದಲ ದಿನವೇ ಹೇಳಿಬಿಡಲಿ. ಅವರು ಬೇಸರಪಟ್ಟುಕೊಳ್ಳುವುದಿಲ್ಲ, ಆ ಬಾಣಲೆಯನ್ನು ನಮಗಿಂತ ಜೋಪಾನವಾಗಿ ಬೇರೆ ಇಡುತ್ತಾರೆ. ಒಗ್ಗರಣೆಯ ಹೊಗೆಗೆ ಅಲಾರಂ ಹೊಡೆದುಕೊಂಡರೆ ಅದನ್ನು ನಿಲ್ಲಿಸುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತು, ಅವರ ಅಡುಗೆಗೂ ಅದು ದಿನವೂ ಹೊಡೆದುಕೊಳ್ಳುತ್ತದೆ. ಬರುವಾಗ ಒಂದು ಪೊಟ್ಟಣ ಒಣಗಿದ ಜುಮ್ಮನಕಾಯಿ ತರಲಿ, ವಿಮಾನ ನಿಲ್ದಾಣದ ಫಾರಂನಲ್ಲಿ ಅದನ್ನು ನಮೂದಿಸುವುದನ್ನು ಮಾತ್ರ ಮರೆಯದಿರಲಿ.