ಭಾರವಿದ್ದ ಕಾಲು

ಕಲಾಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸೇರುವುದೋ, ಮನೆಯಲ್ಲೇ ಕಲಿಯುತ್ತ ಹೋಗುವುದೋ ಎಂಬ ಜಗ್ಗಾಟ ಮಾತ್ರ ಮುಗಿದಿರಲಿಲ್ಲ. ಹಣ ಕಟ್ಟುವ ಮೊದಲು ಒಂದು ತರಗತಿ ನೋಡಬಹುದೇ ಎಂದು ಕೇಳಿದೆ. 'ನೋಡೋದೇನು, ಬೋರ್ಡು ತಗೊಂಡು ಬನ್ನಿ' ಎಂದರು ಅಲ್ಲಿನ ಮೇಷ್ಟ್ರು.

ಅಲ್ಲಿಯವರೆಗೆ ನಾನು ಕಲಿತದ್ದೆಲ್ಲ ಫೋಟೋ ನೋಡಿ. ಫೋಟೋ ಮೇಲೆ ಚೌಕುಳಿ ಎಳೆದು, ಕಾಗದದ ಮೇಲೂ ಅಷ್ಟೇ ಚೌಕುಳಿ ಹಾಕಿ, ಒಂದೊಂದೇ ಮನೆ ತುಂಬುವುದು. ರೆಪ್ಪೆ, ತುಟಿಯ ಹೊಳಪು ಎಲ್ಲ ಚೆನ್ನಾಗಿ ಬರುತ್ತಿದ್ದವು. ಕಾಲೇಜು ಬೇಡ ಎನ್ನುವ ವಾದಕ್ಕೆ ದೊಡ್ಡವರ ಸಾಕ್ಷಿಯೂ ಇತ್ತು. ಚಿತ್ರಕಾರ ವ್ಯಾನ್ ಗೋ 1886ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಕಲಾ ಅಕಾಡೆಮಿ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟವನು. ಶಿಲ್ಪಿ ರೋದಾನನ್ನು ಪ್ಯಾರಿಸ್ಸಿನ ದೊಡ್ಡ ಕಲಾಶಾಲೆ ಮೂರು ಸಲ ತಿರಸ್ಕರಿಸಿತ್ತು.

ತರಗತಿಯಲ್ಲಿ ಎದುರಿಗೆ ನಿಂತ ಮಾಡೆಲ್ಲನ್ನು ನೋಡಿ ಬರೆಯಬೇಕು. ಮೊದಲು ಒಂದೊಂದು ನಿಮಿಷದ ಭಂಗಿಗಳು. ಒಂದು ನಿಮಿಷದಲ್ಲಿ ರೆಪ್ಪೆಗೆ ಪುರಸೊತ್ತೆಲ್ಲಿ? ಪಕ್ಕದವರು ಭುಜದಿಂದಲೇ ಕೈ ಬೀಸಿ ಇದ್ದಿಲಿನಲ್ಲಿ ಗೀಚುತ್ತಿದ್ದರು. ನಾನು ಎಚ್‌ಬಿ ಪೆನ್ಸಿಲನ್ನು ಬೆರಳ ತುದಿಯಲ್ಲಿ ಹಿಡಿದು ಮೂಗು ಮುಗಿಸುವಷ್ಟರಲ್ಲಿ ಭಂಗಿ ಬದಲಾಗಿರುತ್ತಿತ್ತು. ಫೋಟೋದಲ್ಲಿ ಅಂಚು ಒಂದೇ ಕಡೆ ಕೂತಿರುತ್ತದೆ. ಇಲ್ಲಿ ನನ್ನ ತಲೆ ತುಸು ಸರಿದರೂ ಭುಜದ ಅಂಚೇ ಬೇರೆಯಾಗುತ್ತಿತ್ತು.

ಆಮೇಲೆ ದೀರ್ಘ ಭಂಗಿ. ಮಾಡೆಲ್ ಬಲಗಾಲಿನ ಮೇಲೆ ಭಾರ ಹಾಕಿ, ಎಡಗಾಲು ಸಡಿಲ ಬಿಟ್ಟು ನಿಂತರು. ಸಮಾಧಾನದಿಂದ ಶೇಡಿಂಗ್ ಶುರುಮಾಡಿದೆ. ಮೇಷ್ಟ್ರು ಹಿಂದೆ ಬಂದು ನಿಂತು, 'ಇವರು ಬೀಳ್ತಿದಾರಲ್ರೀ' ಎಂದರು. ಹಾಳೆ ಮುಟ್ಟಲಿಲ್ಲ. ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ನೆಟ್ಟಗೆ ಇಳಿಬಿಟ್ಟು, ಮಾಡೆಲ್ಲಿನ ಗಂಟಲಗುಳಿಯಿಂದ ಕೆಳಕ್ಕೆ ನೋಡಿ ಎಂದರು. ಗೆರೆ ನೇರ ಬಲಪಾದಕ್ಕೆ ಬಂತು. ನನ್ನ ಹಾಳೆಯಲ್ಲಿ ಅದೇ ಗೆರೆ ಎರಡೂ ಪಾದಗಳ ಆಚೆ ಬೀಳುತ್ತಿತ್ತು. 'ಭಾರವಿರೋ ಕಡೆ ಸೊಂಟ ಮೇಲೆ, ಭುಜ ಕೆಳಗೆ' ಎಂದು ಹೇಳಿ ಪಕ್ಕದವರ ಈಸಲ್‌ಗೆ, ಅಂದರೆ ಬೋರ್ಡು ನಿಲ್ಲಿಸುವ ಚೌಕಟ್ಟಿನತ್ತ, ಹೋದರು.

ಇದು ಯಾವ ಅಂಗರಚನಾ ಪುಸ್ತಕದಲ್ಲೂ ಸಿಗುವ ವಿಷಯ, ನಾನೂ ಓದಿದ್ದೆ. ಆದರೆ ಪುಸ್ತಕ ನನ್ನ ಹಾಳೆಯನ್ನು ನೋಡುವುದಿಲ್ಲವಲ್ಲ.

ವಿರಾಮದಲ್ಲಿ ಸೇರುವ ಮಾತೆತ್ತಿದೆ. ಮೇಷ್ಟ್ರು ಮಾರಾಟಗಾರರಂತೆ ಮಾತಾಡಲಿಲ್ಲ. 'ಪ್ರಿಂಟ್‌ಮೇಕಿಂಗೋ ಶಿಲ್ಪವೋ ಬೇಕಿದ್ರೆ ಸೇರಿ, ತಗಡಲ್ಲಿ ಕೊರೆದ ಚಿತ್ರ ಅಚ್ಚೊತ್ತೋ ಎಚಿಂಗ್ ಪ್ರೆಸ್ಸು ಮನೇಲಿ ಇಟ್ಕೊಳ್ಳೋದು ಕಷ್ಟ. ಪಾಠ ಹೇಳೋ ಕೆಲಸ ಬೇಕಿದ್ರೂ ಸೇರಿ, ಪದವಿ ಕೇಳ್ತಾರೆ. ಬರೀ ಡ್ರಾಯಿಂಗ್ ಅಂದ್ರೆ ಸಂಜೆ ಬ್ಯಾಚಿಗೆ ಬನ್ನಿ, ನಿಲ್ಲಿಸದೆ ಬನ್ನಿ.'

ಮನೆಗೆ ಬಂದು ನನ್ನ ಸಾಕ್ಷಿಗಳನ್ನೇ ಇನ್ನೊಮ್ಮೆ ವಿಚಾರಿಸಿದೆ. 1880ರಲ್ಲಿ, 27ರ ವಯಸ್ಸಿನಲ್ಲಿ ಚಿತ್ರಕಾರನಾಗಲು ಹೊರಟ ವ್ಯಾನ್ ಗೋ ಸುಮ್ಮನೆ ತೋಚಿದ್ದು ಗೀಚಿಕೊಂಡು ಕೂತವನಲ್ಲ. ಫ್ರೆಂಚ್ ಕಲಾವಿದ ಷಾರ್ಲ್ ಬಾರ್ಗ್‌ನ ಡ್ರಾಯಿಂಗ್ ಅಭ್ಯಾಸದ ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡಿದ. ಹೇಗ್‌ನಲ್ಲಿ ತನ್ನ ಬಂಧು, ಚಿತ್ರಕಾರ ಆಂಟನ್ ಮಾವ್ ಹತ್ತಿರ ಕಲಿತ. ಆಂಟ್ವರ್ಪ್‌ನಲ್ಲಿ ಮಾಡೆಲ್ ಸಿಗುತ್ತದೆಂದೇ ಸಂಜೆಯ ಡ್ರಾಯಿಂಗ್ ಕ್ಲಬ್ಬುಗಳಿಗೂ ಹೋದ. ರೋದಾನೂ ದೊಡ್ಡ ಶಾಲೆಯ ಬಾಗಿಲು ತಟ್ಟುವ ಮೊದಲು ಇನ್ನೊಂದು ಚಿಕ್ಕ ಕಲಾಶಾಲೆಯಲ್ಲಿ ಕೈ ಪಳಗಿಸಿಕೊಂಡಿದ್ದ. ಇಬ್ಬರೂ ನನ್ನ ಪರ ಸಾಕ್ಷಿ ಹೇಳುವವರಲ್ಲ.

ನನಗೆ ಬೇಕಿದ್ದದ್ದು ಡ್ರಾಯಿಂಗ್ ಮಾತ್ರ. ಸೀಟು ಬಿಟ್ಟೆ, ಸಂಜೆ ಬ್ಯಾಚಿಗೆ ಸೇರಿದೆ. ಚೌಕುಳಿಯನ್ನು ಹೀಗಳೆಯಲಾರೆ, ಚಿಕ್ಕ ಚಿತ್ರವನ್ನು ಗೋಡೆಯಷ್ಟು ಹಿಗ್ಗಿಸಲು ಹಿಂದಿನಿಂದಲೂ ಅದನ್ನೇ ಬಳಸಿದ್ದಾರೆ. ನೋಡುವುದನ್ನು ಕಲಿಯುವವರೆಗೆ ಮಾತ್ರ ಬದಿಗಿಟ್ಟಿದ್ದೇನೆ. ಸಂಜೆ ಬ್ಯಾಚಿಗೆ ಒಂದು ಕೊರತೆ ಇದೆ: ನಿಮ್ಮ ಹಳೆಯ ಹಾಳೆಗಳನ್ನು ನೆನಪಿಟ್ಟುಕೊಂಡು ಕೂರುವವರು ಯಾರೂ ಇಲ್ಲ. ಅದಕ್ಕೇ ಎಲ್ಲಕ್ಕೂ ತಾರೀಕು ಹಾಕಿ, ಕಟ್ಟು ಕಟ್ಟಿ ಒಯ್ಯುತ್ತೇನೆ.

ಮೊನ್ನೆ ಆ ಕಟ್ಟನ್ನು ಮೇಷ್ಟ್ರ ಮುಂದೆ ಬಿಚ್ಚಿದೆ. ಸೊಂಟ, ಭುಜ, ತೂಕ ಎಲ್ಲ ನೋಡಿ ತಲೆಯಾಡಿಸಿದರು. 'ಸರಿ, ಯಾರಿಗೂ ಪಾದಗಳೇ ಇಲ್ಲವಲ್ರೀ? ಪ್ರತಿಸಲವೂ ಮೊಣಕಾಲಿಗೇ ಕಾಗದ ಮುಗಿಯುತ್ತಾ?'