ರಜೆಯ ತಾರೀಖುಗಳಿಂದ ಶುರು ಮಾಡಿ

ಮಿಲಿಟರಿಯಲ್ಲಿದ್ದು ಬಂದ ಹಿರಿಯರು ತೀರಿಕೊಂಡಾಗ ಮನೆಯವರು ಬರೆಯುವ ನೆನಪಿನ ಬರಹ ಸಾಮಾನ್ಯವಾಗಿ ಎರಡು ತುಂಡಾಗಿರುತ್ತದೆ. ಮೊದಲರ್ಧ ರೆಜಿಮೆಂಟು, ಯುದ್ಧ, ಪದಕ. ಉಳಿದರ್ಧ ‘ಪ್ರೀತಿಯ ಪತಿ, ಮಮತೆಯ ತಂದೆ’. ಎರಡಕ್ಕೂ ನಂಟೇ ಇರುವುದಿಲ್ಲ. ಆ ಮನುಷ್ಯ ಸೈನಿಕನೂ ಸಂಸಾರಿಯೂ ಒಟ್ಟಿಗೆ ಆಗಿದ್ದದ್ದು ರಜೆಯಲ್ಲಿ. ಹಾಗಾಗಿ ಬರಹವನ್ನು ರಜೆಯ ತಾರೀಖುಗಳಿಂದ ಕಟ್ಟಬೇಕು.

ಒಂದು ಉದ್ದ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ವರ್ಷ ಮತ್ತು ತಿಂಗಳು, ಸೈನ್ಯದ ಸಂಗತಿ, ಮನೆಯ ಸಂಗತಿ, ಅದು ಗೊತ್ತಾದದ್ದು ಎಲ್ಲಿಂದ. ನಾಲ್ಕನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆಮೇಲೆ ಚಿಕ್ಕಪ್ಪ ಒಂದು ಹೇಳಿ ಕಾಗದ ಇನ್ನೊಂದು ಹೇಳಿದಾಗ ಒದ್ದಾಡುತ್ತಾರೆ. ಮೊದಲು ಮನೆಯ ಕಾಲಂ ತುಂಬಿ: ಮದುವೆ, ಮಕ್ಕಳ ಹುಟ್ಟು, ಮನೆ ಬದಲಾಯಿಸಿದ್ದು, ಸಾವು. ಮಗು ಹುಟ್ಟಿದ ತಾರೀಖಿನಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಎಷ್ಟೋ ಸಲ ಒಂದು ರಜೆ ಸಿಕ್ಕಿಬಿಡುತ್ತದೆ! ಆ ಮಗುವನ್ನು ಅಪ್ಪ ಮೊದಲು ನೋಡಿದಾಗ ಅದಕ್ಕೆ ಎಷ್ಟು ತಿಂಗಳು ಎಂಬುದನ್ನು ಅಮ್ಮಂದಿರು ಮರೆತಿರುವುದಿಲ್ಲ. ಆ ಒಂದು ಉತ್ತರದಿಂದ ಮುಂದಿನ ರಜೆಯೂ ಗೊತ್ತಾಗುತ್ತದೆ.

ಸೈನ್ಯದ ಕಾಲಂಗೆ ಬಿಡುಗಡೆಯ ಪತ್ರ ಅಥವಾ ಡಿಸ್ಚಾರ್ಜ್ ಪುಸ್ತಕವೇ ಆಧಾರ. ಅದರಲ್ಲಿರುವ ಹುಟ್ಟಿದ ತಾರೀಖನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ, ಭರ್ತಿಯಾಗಲೆಂದು ವಯಸ್ಸು ಹೆಚ್ಚುಕಮ್ಮಿ ಮಾಡಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬೇರೆ ತುಕಡಿಗೆ ಎರವಲಾಗಿ ಹೋಗಿದ್ದರೆ ಮೂಲ ರೆಜಿಮೆಂಟಿನ ಹೆಸರಿನಲ್ಲೇ ಕತೆ ಹೇಳುವುದು ತಪ್ಪಾಗುತ್ತದೆ.

ಕಾಗದ ಸಿಗದಿದ್ದರೆ ‘ಅವರು ಸೈನ್ಯದಲ್ಲಿರಲೇ ಇಲ್ಲವೇನೋ’ ಎಂದುಕೊಳ್ಳಬಾರದು. ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರದಲ್ಲಿ 1973ರ ಜುಲೈ 12ರಂದು ಹೊತ್ತಿದ ಬೆಂಕಿಗೆ 1.6 ರಿಂದ 1.8 ಕೋಟಿ ಸೇವಾ ಕಡತಗಳು ಸುಟ್ಟುಹೋದವು, ಅವಕ್ಕೆ ನಕಲೇ ಇರಲಿಲ್ಲ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು 1940ರ ಬಾಂಬ್ ದಾಳಿಯಲ್ಲಿ ಬೂದಿಯಾದವು. ಅಂಥ ಕಡೆ ಪಿಂಚಣಿ ಕಾಗದ, ಆಸ್ಪತ್ರೆಯ ಚೀಟಿ, ಜೊತೆಯವರ ಗುಂಪು ಫೋಟೋಗಳೇ ಗತಿ.

ಪತ್ರಗಳನ್ನು ಓದುವುದಕ್ಕೂ ಒಂದು ಜಾಣ್ಮೆ ಬೇಕು. ಭಾರತೀಯ ಸೈನಿಕನ ವಿಳಾಸದಲ್ಲಿ ‘56 ಎಪಿಒ’ ಅಥವಾ ‘99 ಎಪಿಒ’ (ಆರ್ಮಿ ಪೋಸ್ಟ್ ಆಫೀಸ್, ಅಂದರೆ ಸೈನ್ಯದ ಅಂಚೆ ಕಚೇರಿ) ಎಂದಿದ್ದರೆ ಅದು ಊರಲ್ಲ, ಇರುವ ಜಾಗ ಗೊತ್ತಾಗಬಾರದೆಂದೇ ಕೊಟ್ಟ ಅಂಚೆ ಗುರುತು. ಇಂಥ ಪತ್ರಗಳಲ್ಲಿ ಜಾಗ ಹುಡುಕಬೇಡಿ, ತಾರೀಖು ಹುಡುಕಿ. ಲಕೋಟೆಯನ್ನು ಎಸೆಯಬೇಡಿ, ಒಳಗೆ ತಾರೀಖು ಬರೆಯದಿದ್ದರೂ ಹೊರಗಿನ ಮುದ್ರೆಯಲ್ಲಿರಬಹುದು.

ಪದಕಗಳ ವಿಷಯದಲ್ಲಿ ಆಗುವಷ್ಟು ಅನಾಹುತ ಬೇರೆಲ್ಲೂ ಆಗುವುದಿಲ್ಲ. ಶ್ರದ್ಧಾಂಜಲಿ ಸಭೆಯ ಹಿಂದಿನ ದಿನ ಯಾರೋ ಪಾಲಿಶ್ ಹಾಕಿ ತಿಕ್ಕುತ್ತಾರೆ. ಉಬ್ಬು ಅಕ್ಷರ ಸವೆಯುತ್ತದೆ, ಸಂದಿಯಲ್ಲಿ ಬಿಳಿ ಪುಡಿ ಕೂರುತ್ತದೆ, ರಿಬ್ಬನ್‌ಗೆ ಕಲೆ ಹತ್ತುತ್ತದೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಅದರಿಂದ ಹೊರಡುವ ಆಮ್ಲಕ್ಕೆ ತಾಮ್ರ ಬೆರೆತ ಲೋಹ ಹಸಿರುಗಟ್ಟುತ್ತದೆ. ಮೊದಲು ಅಂಚನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಬ್ರಿಟಿಷರು ಮೊದಲ ಮಹಾಯುದ್ಧಕ್ಕೆ ಕೊಟ್ಟ ಪದಕಗಳ ಮೇಲೆ ಸೈನಿಕನ ನಂಬರು, ಹೆಸರು, ತುಕಡಿ ಅಚ್ಚಾಗಿರುತ್ತವೆ. ಎರಡನೆಯದಕ್ಕೆ ಬ್ರಿಟನ್ ಕೊಟ್ಟ ಯುದ್ಧಪದಕಗಳಲ್ಲಿ ಹೆಸರಿಲ್ಲ, ಆದ್ದರಿಂದ ಅವು ಯಾರವು ಎಂದು ಜೊತೆಗಿರುವ ಕಾಗದ ಮಾತ್ರ ಹೇಳಬಲ್ಲದು. ಪದಕ ಕಳೆದಿದ್ದರೂ ರಿಬ್ಬನ್ನಿನ ಬಣ್ಣದ ಪಟ್ಟಿಗಳ ಕ್ರಮದಿಂದ ಅದು ಯಾವುದೆಂದು ಹಿಡಿಯಬಹುದು. 1971ರ ಯುದ್ಧಕ್ಕೆ ಭಾರತ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಎಂದು ಎರಡು ಬೇರೆ ಪದಕ ಕೊಟ್ಟಿತ್ತು. ಯಾವ ರಂಗದಲ್ಲಿದ್ದರು ಎಂಬ ಮನೆಯ ವಾದ ಅಲ್ಲಿಗೆ ಮುಗಿಯುತ್ತದೆ.

ಫೋಟೋಗಳನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ. ಅಂಟುಹಾಳೆಯ ಆಲ್ಬಮ್ಮಿನಿಂದ ಎಳೆದು ಕೀಳಬೇಡಿ. ಹಲ್ಲಿನ ಸಂದಿಗೆ ಬಳಸುವ ದಾರವನ್ನು ಫೋಟೋದ ಕೆಳಗೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಆಡಿಸಿದರೆ ಬಿಡುತ್ತದೆ, ಬಿಡದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ.

ಇನ್ನು ಮಾತು. ‘ಅವರು ಹೇಗಿದ್ದರು?’ ಎಂದು ಹೆಂಡತಿಯನ್ನು ಕೇಳಿದರೆ ‘ದೇವರಂಥವರು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಕೈಗೆ ಒಂದು ಫೋಟೋ ಕೊಟ್ಟು ಸಣ್ಣ ಪ್ರಶ್ನೆ ಕೇಳಿ. ಅವರು ಕಳಿಸಿದ ದುಡ್ಡು ಯಾರ ಕೈಗೆ ಬರುತ್ತಿತ್ತು? ಪತ್ರ ಗಟ್ಟಿಯಾಗಿ ಓದುತ್ತಿದ್ದವರು ಯಾರು? ರಜೆ ಮುಗಿಯುವ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟುತ್ತಿದ್ದವರು ಯಾರು? ಅವರಿಲ್ಲದಾಗ ಮಕ್ಕಳ ಜ್ವರಕ್ಕೆ ಓಡಾಡಿದ್ದು ಯಾರು? ಫೋನಿನಲ್ಲಿ ರೆಕಾರ್ಡ್ ಮಾಡುವಾಗ ಫ್ಲೈಟ್ ಮೋಡ್ ಹಾಕಿ, ಫ್ಯಾನ್ ಆರಿಸಿ. ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಯುದ್ಧದ ಬಗ್ಗೆ ಅವರು ಮನೆಯಲ್ಲಿ ಬಾಯಿಬಿಟ್ಟಿರದಿದ್ದರೆ ‘ಅದರ ಬಗ್ಗೆ ಮಾತಾಡುತ್ತಿರಲಿಲ್ಲ’ ಎಂದೇ ಬರೆಯಿರಿ, ಸಿನಿಮಾದ ಕಾಳಗ ತಂದು ತುಂಬಬೇಡಿ.

ನಿವೃತ್ತಿಯ ನಂತರದ ಭಾಗ ಬಹುಪಾಲು ಬರಹಗಳಲ್ಲಿ ಎರಡು ಸಾಲು. ನಲವತ್ತಕ್ಕೇ ಹೊರಬಂದು ಎಂಬತ್ತರವರೆಗೆ ಬಾಳಿದವರು ಸಮವಸ್ತ್ರವಿಲ್ಲದೆ ಕಳೆದದ್ದು ನಲವತ್ತು ವರ್ಷ! ಬ್ಯಾಂಕ್ ಪಾಸ್‌ಬುಕ್ಕು, ಶಾಲೆಯ ಫೀಸಿನ ರಸೀದಿ, ಎರಡನೇ ಕೆಲಸದ ಗುರುತಿನ ಚೀಟಿ ಇಲ್ಲಿ ಸಾಕ್ಷಿ. ಮಕ್ಕಳಿಗೆ ಅಪ್ಪ ನಿಜವಾಗಿ ಪರಿಚಯವಾದದ್ದೂ ಈ ವರ್ಷಗಳಲ್ಲೇ, ಒಮ್ಮೊಮ್ಮೆ ತಡವಾಗಿ, ಒಮ್ಮೊಮ್ಮೆ ಜಗಳದಿಂದ. ಅದನ್ನೂ ಬಿಡಬೇಡಿ.

ಸಭೆಯಲ್ಲಿ ಓದುವುದಾದರೆ ಐದು ನಿಮಿಷಕ್ಕೆ 450 ಪದ ಹಿಡಿಸುತ್ತದೆ, ದುಃಖದಲ್ಲಿ ಓದುವವರಿಗೆ 400 ಸಾಕು. ಅಂತರ್ಜಾಲದಲ್ಲಿ ಹಾಕುವಾಗ ಸರ್ವಿಸ್ ನಂಬರು, ಪಿಂಚಣಿ ನಂಬರು ಕಾಣದಂತೆ ಮುಚ್ಚಿ. ನಾಲ್ಕು ಕಾಲಂನ ಹಾಳೆಯನ್ನು ಪದಕಗಳ ಡಬ್ಬಿಯಲ್ಲೇ ಮಡಚಿಡಿ, ಅದರಲ್ಲಿ ಖಾಲಿ ಉಳಿದ ಚೌಕಗಳಿಗೆ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.