ಗುದ್ದಲಿ ಎತ್ತಲು ಹೆದರುವ ನೆಲ

ಲಾವೋಸ್ ದೇಶದ ಫೋನ್‌ಸವನ್‌ಗೆ ಹೋಗುವವರೆಲ್ಲ ಸಾಮಾನ್ಯವಾಗಿ ಅಲ್ಲಿನ ಕಲ್ಲಿನ ಗುಡಾಣಗಳನ್ನು ನೋಡಲು ಹೋಗುತ್ತಾರೆ. ನಾನು, ನನ್ನ ಹೆಂಡತಿ ಹೋಗಿದ್ದೂ ಅದಕ್ಕೇ. ಹುಲ್ಲುಗಾವಲಿನ ತುಂಬ ಹರಡಿಕೊಂಡಿರುವ ದೊಡ್ಡ ದೊಡ್ಡ ಗುಡಾಣಗಳು. ಕೆಲವು ಆಳೆತ್ತರ ಇವೆ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವು. 2019ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಅವತ್ತು ಬೆಳಗ್ಗೆ ನನ್ನ ಕಣ್ಣು ಹೋಗಿದ್ದು ನೆಲದ ಕಡೆಗೆ. ಕಾಲುದಾರಿಯ ಅಂಚಿನಲ್ಲಿ ಸಣ್ಣ ಚೌಕದ ಗುರುತುಕಲ್ಲುಗಳನ್ನು ಹುಗಿದಿದ್ದರು. ಅರ್ಧ ಬಿಳಿ, ಅರ್ಧ ಕೆಂಪು.

"ಬಿಳಿ ಬಣ್ಣ ಇರೋ ಕಡೆಯೇ ನಡೀರಿ" ಎಂದ ನಮ್ಮ ಗೈಡ್. ಮೂವತ್ತರ ಆಸುಪಾಸಿನ ಹುಡುಗ. ಬಿಳಿ ಬದಿಯಲ್ಲಿ ಮಣ್ಣಿನೊಳಗಿನ ಬಾಂಬುಗಳನ್ನೂ ಹುಡುಕಿ ತೆಗೆದಿದ್ದಾರಂತೆ. ಕೆಂಪು ಬದಿಯಲ್ಲಿ ಮೇಲೆ ಕಣ್ಣಿಗೆ ಕಂಡದ್ದನ್ನು ಮಾತ್ರ. ಕೆಂಪು ಬದಿಯ ಹುಲ್ಲೂ ಅಷ್ಟೇ ಹಸಿರಾಗಿತ್ತು. ಸ್ವಲ್ಪ ದೂರದಲ್ಲಿ ದೊಡ್ಡ ತಗ್ಗೊಂದಿತ್ತು. ಮಳೆನೀರು ನಿಲ್ಲುವ ಗುಂಡಿ ಅಂದುಕೊಳ್ಳಬಹುದಿತ್ತು, ಅಷ್ಟು ಗುಂಡಗೆ. ಅದು ಬಾಂಬು ಬಿದ್ದ ಜಾಗ.

ಈ ದೇಶದ ಕಥೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವಿಯೆಟ್ನಾಂ ಯುದ್ಧ ಅಂದರೆ ಎಲ್ಲರಿಗೂ ಗೊತ್ತು. ಅದರ ಪಕ್ಕದ ಲಾವೋಸ್ ಮೇಲೆ 1964ರಿಂದ 1973ರವರೆಗೆ ಅಮೆರಿಕ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು. ಸುಮಾರು 5,80,000 ಹಾರಾಟಗಳು. ಲೆಕ್ಕ ಹಾಕಿದರೆ ಒಂಬತ್ತು ವರ್ಷ, ಹಗಲೂ ರಾತ್ರಿ, ಎಂಟು ನಿಮಿಷಕ್ಕೊಮ್ಮೆ ಒಂದು ವಿಮಾನದ ತುಂಬ ಬಾಂಬು. ಆಗ ಆ ದೇಶದ ಜನಸಂಖ್ಯೆ ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟಿತ್ತು. ಲಾವೋಸ್ ಯಾರ ಪಕ್ಷಕ್ಕೂ ಸೇರುವುದಿಲ್ಲ, ಅಲ್ಲಿ ಯಾವ ವಿದೇಶಿ ಸೈನ್ಯವೂ ಇರಬಾರದು ಎಂದು 1962ರಲ್ಲಿ ಜಿನೀವಾದಲ್ಲಿ ಎಲ್ಲರೂ ಸಹಿ ಹಾಕಿದ್ದರು. ಅದನ್ನು ಉತ್ತರ ವಿಯೆಟ್ನಾಂ ಕೂಡ ಮುರಿಯಿತು. ತನ್ನ ಸೈನ್ಯವನ್ನು ಅಲ್ಲೇ ಉಳಿಸಿಕೊಂಡಿತು, ದಕ್ಷಿಣ ವಿಯೆಟ್ನಾಂಗೆ ಸೈನಿಕರನ್ನೂ ಸರಕನ್ನೂ ಸಾಗಿಸುವ ಹೋ ಚಿ ಮಿನ್ ದಾರಿಯನ್ನು ಲಾವೋಸ್‌ನ ಕಾಡಿನೊಳಗೇ ಎಳೆಯಿತು. ಅಮೆರಿಕದ ಸಿಐಎ ಬೆಟ್ಟದ ಮೋಂಗ್ ಜನರಿಗೆ ಬಂದೂಕು ಕೊಟ್ಟು ಗುಟ್ಟಾಗಿ ಸೈನ್ಯ ಕಟ್ಟಿತು. ಬಾಂಬು ಹಾಕುತ್ತಿರುವ ವಿಷಯ ಅಮೆರಿಕದ ಸಾಮಾನ್ಯ ಜನಕ್ಕೇ ವರ್ಷಗಟ್ಟಲೆ ತಿಳಿಯಲಿಲ್ಲ. ಅದಕ್ಕೂ ಮುಂಚೆ, 1893ರಿಂದ, ಈ ದೇಶ ಫ್ರೆಂಚರ ಕೈಯಲ್ಲಿತ್ತು. ಒಬ್ಬರು ಹೋಗುವಷ್ಟರಲ್ಲಿ ಇನ್ನೊಬ್ಬರು.

ಬಿದ್ದ ಬಾಂಬುಗಳಲ್ಲಿ ಕ್ಲಸ್ಟರ್ ಬಾಂಬುಗಳೇ ಈಗಲೂ ಕಾಡುತ್ತಿರುವುದು. ಉದ್ದನೆಯ ಒಂದು ಕವಚ. ಅದು ಆಕಾಶದಲ್ಲೇ ಬಾಯಿ ತೆರೆದು ಟೆನಿಸ್ ಚೆಂಡಿನಷ್ಟು ಗಾತ್ರದ ನೂರಾರು ಮರಿ ಬಾಂಬುಗಳನ್ನು ಚೆಲ್ಲುತ್ತದೆ. ಜನ ಅವನ್ನು 'ಬಾಂಬಿ' ಅನ್ನುತ್ತಾರೆ. ಹೀಗೆ ಬಿದ್ದವು 27 ಕೋಟಿ. ಅದರಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಿನಲ್ಲೇ ಉಳಿದವು. ಬಾಂಬು ಹಾಕುವುದು ನಿಂತ ಮೇಲೂ ಸುಮಾರು 20,000 ಜನ ಇವುಗಳಿಂದ ಸತ್ತಿದ್ದಾರೆ ಅಥವಾ ಗಾಯಗೊಂಡಿದ್ದಾರೆ. ಚೆಂಡೆಂದು ಎತ್ತಿಕೊಂಡ ಮಕ್ಕಳು ಅವರಲ್ಲಿ ಎಷ್ಟೋ.

ಅಲ್ಲಿಂದ ಬಾನ್ ನಾಪಿಯಾ ಎಂಬ ಹಳ್ಳಿಗೆ ಹೋದೆವು. ಅಲ್ಲಿ ಬಾಂಬಿನ ಅಲ್ಯೂಮಿನಿಯಂ ಕರಗಿಸಿ ಚಮಚ ಮಾಡುತ್ತಾರೆ. ಚಪ್ಪರದ ಕೆಳಗೆ ಮಣ್ಣಿನ ಒಲೆ, ಸೌದೆ ಬೆಂಕಿ. ಒಬ್ಬ ಹೆಂಗಸು ಕರಗಿದ ಲೋಹವನ್ನು ಸೌಟಿನಲ್ಲಿ ತೆಗೆದು, ಮರ ಮತ್ತು ಬೂದಿಯಿಂದ ಮಾಡಿದ ಅಚ್ಚಿನ ತೂತಿಗೆ ಹೊಯ್ದರು. ಒಂದು ಹನಿ ಚೆಲ್ಲಲಿಲ್ಲ. ಕ್ಷಣ ಬಿಟ್ಟು ಅಚ್ಚು ಬಿಚ್ಚಿದರೆ ಬೆಳ್ಳಗೆ ಹೊಳೆಯುವ ಚಮಚ. ಅಂಚನ್ನು ಕತ್ತರಿಸಿ ಪಕ್ಕದ ರಾಶಿಗೆ ಎಸೆದರು. ಪ್ರವಾಸಿಗರು ಇದನ್ನು ಬಹಳ ಮೆಚ್ಚುತ್ತಾರೆ. ಯುದ್ಧದಿಂದ ಶಾಂತಿ ಅಂತೆಲ್ಲ ಹೇಳುತ್ತಾರೆ. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಗುಜರಿಗೆ ದುಡ್ಡು ಸಿಗುತ್ತದೆ ಅಂತಲೇ ಎಷ್ಟೋ ಬಡವರು ಬಾಂಬಿನ ಚೂರು ಹೆಕ್ಕಲು ಹೋಗಿ ಕೈ ಕಳೆದುಕೊಂಡಿದ್ದಾರೆ. ಆ ಹೆಂಗಸಿನ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ಅವರಿಗೆ ಆ ಕಚ್ಚಾಮಾಲು ಸಿಕ್ಕಿದ್ದು ಹೇಗೆ ಅನ್ನುವುದನ್ನು ಮರೆತು ಮೆಚ್ಚುವುದು ನನ್ನಿಂದ ಆಗಲಿಲ್ಲ.

ಮಧ್ಯಾಹ್ನ ಗೈಡ್ ತನ್ನ ಮನೆಗೇ ಊಟಕ್ಕೆ ಕರೆದೊಯ್ದ. ಕಂಬಗಳ ಮೇಲೆ ನಿಂತ ಮರದ ಮನೆ. ಹಿತ್ತಿಲ ಬೇಲಿಗೆ ಕ್ಲಸ್ಟರ್ ಬಾಂಬಿನ ಉದ್ದನೆಯ ಕವಚಗಳನ್ನೇ ಸಾಲಾಗಿ ನೆಟ್ಟಿದ್ದರು. ಇನ್ನೊಂದನ್ನು ಅಡ್ಡ ಮಲಗಿಸಿ, ಮಣ್ಣು ತುಂಬಿ, ಈರುಳ್ಳಿ ಸೊಪ್ಪು ಬೆಳೆಸಿದ್ದರು. ಅವನ ತಾಯಿ ಆಚೆ ಗುದ್ದಲಿಯಿಂದ ಪಾತಿ ಮಾಡುತ್ತಿದ್ದರು.

ನಾನು ಹುಟ್ಟಿ ಬೆಳೆದಿದ್ದು ಹಾಸನದ ಕಡೆಯ ರೈತರ ಮನೆಯಲ್ಲಿ. ಗುದ್ದಲಿ ಹಿಡಿದವರನ್ನು ನೋಡುತ್ತಲೇ ದೊಡ್ಡವನಾದೆ. ಗುದ್ದಲಿಯನ್ನು ತಲೆಯ ಮೇಲಕ್ಕೆ ಎತ್ತಬೇಕು, ಅದರ ಭಾರಕ್ಕೇ ಬೀಳಲು ಬಿಡಬೇಕು. ಅಪ್ಪ ಹೇಳಿಕೊಟ್ಟಿದ್ದು ಅದನ್ನೇ. ಈ ತಾಯಿ ಹಾಗೆ ಮಾಡುತ್ತಿರಲಿಲ್ಲ. ಮೊಣಕಾಲಿನಿಂದ ಮೇಲೆ ಗುದ್ದಲಿ ಏಳಲೇ ಇಲ್ಲ. ಮಣ್ಣನ್ನು ತೆಳ್ಳಗೆ ಕೆರೆದು, ಬಗ್ಗಿ ನೋಡಿ, ಮತ್ತೆ ಕೆರೆಯುತ್ತಿದ್ದರು. ಹೀಗೆ ಅಗೆದರೆ ಬೇರು ಎಲ್ಲಿಗೆ ಇಳಿಯಬೇಕು ಎಂದು ನನಗೆ ಸಂಕಟವಾಯಿತು. "ಯಾಕೆ ಹೀಗೆ?" ಎಂದೆ.

"ಅಜ್ಜಿ ಕಲಿಸಿದ್ದು ಹೀಗೇ" ಎಂದ ಮಗ. "ನಾವೆಲ್ಲ ಹೀಗೇ ಅಗೆಯೋದು." ಇನ್ನೂ ದೊಡ್ಡ ಭಯ ಬೆಂಕಿಯದಂತೆ. ಚಳಿಗೆಂದೋ ಅನ್ನಕ್ಕೆಂದೋ ಹೊಲದಲ್ಲಿ ಬೆಂಕಿ ಹಾಕಿದರೆ, ಕೆಳಗೆ ಹೂತಿರುವ ಬಾಂಬಿ ಕಾದು ಸಿಡಿಯುತ್ತದೆ. ಹಾಗಾಗಿ ಹಳೆಯ ಬೂದಿ ಇರುವ ಕಡೆಯೇ ಒಲೆ ಹೂಡುತ್ತಾರೆ.

ಊಟ ಮಾಡುತ್ತಿದ್ದಾಗ ದೂರದಲ್ಲಿ ಧ್ವನಿವರ್ಧಕದ ಕೂಗು ಕೇಳಿತು. ಆಮೇಲೆ ಢಮ್ ಎಂದು ಒಂದು ಸದ್ದು. ನಮ್ಮಿಬ್ಬರ ತುತ್ತು ಕೈಯಲ್ಲೇ ನಿಂತಿತು. ಆ ತಾಯಿ ಮಾತ್ರ ನಕ್ಕು ಮಗನಿಗೆ ಏನೋ ಹೇಳಿದರು. ಬಾಂಬು ತೆಗೆಯುವ ತಂಡದವರು ಸಿಕ್ಕಿದ್ದನ್ನು ಅಲ್ಲಲ್ಲೇ ಸಿಡಿಸುತ್ತಾರೆ, ಇವತ್ತು ಯಾರ ಹೊಲದಲ್ಲಿ ಅಂತ ಅಮ್ಮ ಕೇಳ್ತಿದ್ದಾರೆ ಎಂದ ಮಗ. ಅಲ್ಲಿ ಈ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೂ ಸಾಕಷ್ಟಿದ್ದಾರೆ. ಹಗ್ಗ ಕಟ್ಟಿ ನೆಲವನ್ನು ಪಟ್ಟಿ ಮಾಡಿಕೊಂಡು, ಲೋಹ ಪತ್ತೆ ಯಂತ್ರ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಾರೆ. ಬ್ರಿಟನ್ನಿನ ಮ್ಯಾಗ್ ಸಂಸ್ಥೆ 1994ರಿಂದ ಅಲ್ಲಿದೆ. ಲಾವೋಸ್ ಸರ್ಕಾರದ್ದೇ ತಂಡಗಳು 1996ರಿಂದ ಇವೆ. ಇಷ್ಟಾದರೂ ತೆಗೆದಿರುವುದು ತೀರಾ ಸ್ವಲ್ಪ.

2016ರಲ್ಲಿ ಒಬಾಮ ಲಾವೋಸ್ ರಾಜಧಾನಿ ವಿಯೆಂಟಿಯಾನ್‌ಗೆ ಬಂದರು. ಅಧಿಕಾರದಲ್ಲಿದ್ದಾಗ ಆ ದೇಶಕ್ಕೆ ಬಂದ ಮೊದಲ ಅಮೆರಿಕ ಅಧ್ಯಕ್ಷ. ಮೂರು ವರ್ಷಕ್ಕೆ 9 ಕೋಟಿ ಡಾಲರ್ ಕೊಡುತ್ತೇವೆ ಎಂದರು, ನೈತಿಕ ಹೊಣೆ ಇದೆ ಎಂದರು. ಕ್ಷಮೆ ಕೇಳಲಿಲ್ಲ. ಆಮೇಲೆ 2025ರ ಜನವರಿಯಲ್ಲಿ ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನೆಲ್ಲ ತಡೆಹಿಡಿಯಿತು. ಲಾವೋಸ್‌ನಲ್ಲಿ ಆ ದುಡ್ಡಿನಿಂದ ನಡೆಯುತ್ತಿದ್ದ ಬಾಂಬು ತೆಗೆಯುವ ಕೆಲಸವೂ ಕೆಲಕಾಲ ನಿಂತಿತು. ಸುದ್ದಿ ಓದಿದಾಗ ನನಗೆ ಕೋಪ ತಡೆಯಲಾಗಲಿಲ್ಲ. ಇದನ್ನು ನೆರವು ಅಂತ ಕರೆಯುವುದೇ ತಪ್ಪು, ಅಲ್ವಾ? ಬೇರೆಯವರ ಹೊಲದಲ್ಲಿ ಬಾಂಬು ಹೂತವನು ಅದನ್ನು ತೆಗೆದುಕೊಟ್ಟರೆ ಅದು ದಾನವಲ್ಲ. ಅದು ಸಾಲ ತೀರಿಸುವುದು.

ನಮ್ಮ ದೇಶದ ಬಗ್ಗೆಯೂ ಹೇಳಲೇಬೇಕು. ಜಿನೀವಾ ಒಪ್ಪಂದದಂತೆ ಲಾವೋಸ್‌ನಲ್ಲಿ ನಿಗಾ ಇಡಲು ಮೂರು ದೇಶಗಳ ಆಯೋಗ ಇತ್ತು. ಕೆನಡಾ, ಪೋಲೆಂಡ್ ಜೊತೆ ಭಾರತ. ಅಧ್ಯಕ್ಷತೆ ನಮ್ಮದೇ. ಅಷ್ಟು ಹತ್ತಿರದಿಂದ ನೋಡಿದವರು ನಾವು. ಕ್ಲಸ್ಟರ್ ಬಾಂಬು ನಿಷೇಧಿಸುವ ಒಪ್ಪಂದ 2008ರಲ್ಲಿ ಆಯಿತು. 2010ರಲ್ಲಿ ಜಾರಿಗೆ ಬಂದಾಗ ಅದರ ಮೊದಲ ಸಭೆ ನಡೆದದ್ದೂ ವಿಯೆಂಟಿಯಾನ್‌ನಲ್ಲೇ. ನೂರಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪಿವೆ. ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಹಾಕಬೇಕು ಅಂತ ನಮ್ಮ ಸಂಸದರನ್ನು ನಾವು ಕೇಳಬಹುದು. ನಾನು ನಮ್ಮ ಕ್ಷೇತ್ರದವರಿಗೆ ಬರೆದಿದ್ದೇನೆ. ಉತ್ತರ ಬರದಿದ್ದರೆ ಇನ್ನೊಂದು ಬರೆಯುತ್ತೇನೆ.